ಬೈದಿದ್ದೂ ಅವ್ರೇ, ಭಜಿಸಿದ್ದೂ ಅವ್ರೇ

ಇಂಗ್ಲೆಂಡಲ್ಲಿ ಬ್ಯಾನ್ಬರಿ ಅಂತ ಒಂದೂರು. ಅಲ್ಲೊಬ್ಬ ಪ್ಯೂರಿಟನ್ (ಭಾನುವಾರ ಕೆಲಸಾನೇ ಮಾಡಬಾರ್ದು ಅನ್ನೋ ಕಟ್ಟಾ ಕ್ರೈಸ್ತ) ಸೋಮವಾರ ತನ್ನ ಬೆಕ್ಕನ್ನ ನೇಣಿಗೆ ಹಾಕ್ತಿದ್ದನಂತೆ, ಅದು ಮಾಡಿದ ಪಾಪ ಏನಪ್ಪಾ ಅಂದ್ರೆ ಭಾನುವಾರ ಇಲಿ ಹಿಡಿದಿದ್ದು. 1638ರಲ್ಲಿ ಅಚ್ಚಾದ ರಿಚರ್ಡ್ ಬ್ರಾತ್‌ವೇಟ್‌ನ ಉದ್ದದ ಪದ್ಯದಲ್ಲಿ ಬರೋ ನಾಲ್ಕೇ ಸಾಲು. ಇದಕ್ಕೆ ಐದು ವರ್ಷ ಮುಂಚೆ ಜಾರ್ಜ್ ಹರ್ಬರ್ಟ್ ಅನ್ನೋ ಹಳ್ಳಿ ಪಾದ್ರಿಯ ಪುಸ್ತಕ ಬಂತು, ಅದ್ರಲ್ಲಿ ಈಸ್ಟರ್ ಪ್ರಾರ್ಥನೆ ಒಂದನ್ನ ಅಡ್ಡಡ್ಡ ಅಚ್ಚು ಹಾಕಿದಾರೆ, ಪುಟ ನೇರ ಹಿಡಿದ್ರೆ ರೆಕ್ಕೆ ಕಾಣತ್ತೆ, ಓದೋಕೆ ಪುಸ್ತಕಾನೇ ತಿರುಗಿಸ್ಬೇಕು. ನಾವು ಒಂದನ್ನ ಹಾಸ್ಯ, ಇನ್ನೊಂದನ್ನ ಭಕ್ತಿ ಅಂತ ಬೇರೆ ಬೇರೆ ಕಪಾಟಲ್ಲಿ ಇಟ್ಟುಬಿಡ್ತೀವಿ, ಗೊಂದಲ ಶುರುವಾಗೋದೇ ಅಲ್ಲಿ, ಯಾಕಂದ್ರೆ ಆಗ ಎಷ್ಟೋ ಸಲ ಎರಡೂ ಬರ್ತಿದ್ದಿದ್ದು ಒಂದೇ ಕೈಯಿಂದ.

1534ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಪೋಪ್ ಸಹವಾಸ ಬಿಟ್ಟ, ಆಮೇಲೆ ಪಟ್ಟಕ್ಕೆ ಬಂದ ಮಗ, ದೊಡ್ಡ ಮಗಳು, ಚಿಕ್ಕ ಮಗಳು ಒಬ್ಬೊಬ್ರೂ ಒಂದೊಂದು ದಿಕ್ಕಿಗೆ ಎಳೆದ್ರು, ನಿನ್ನೆ ತನಕ ಭಕ್ತಿ ಅನ್ನಿಸ್ಕೊಂಡಿದ್ದು ಇವತ್ತು ಅಪರಾಧ. 1548ರಲ್ಲಿ ಜಾನ್ ಬಾನ್ ಅನ್ನೋ ರೈತ ಪಾದ್ರಿ ಹತ್ರ ಪರಮಪ್ರಸಾದದ (ಚರ್ಚಲ್ಲಿ ಕ್ರಿಸ್ತನ ದೇಹ ಅಂತ ಕೊಡೋ ರೊಟ್ಟಿಯ) ಬಗ್ಗೆ ಪೆದ್ದನ ಥರ ಪ್ರಶ್ನೆ ಕೇಳೋ ಒಂದು ಸಣ್ಣ ಪದ್ಯ ಬಂತು. ಅದನ್ನ ಪ್ರಿಂಟ್ ಮಾಡಿದ ಜಾನ್ ಡೇ ಜೈಲು ಸೇರೋದು ಸ್ವಲ್ಪದ್ರಲ್ಲಿ ತಪ್ತು. ಅದೇ ಜಾನ್ ಡೇ 1562ರಲ್ಲಿ ಬೈಬಲ್ಲಿನ ಕೀರ್ತನೆಗಳನ್ನ ಪ್ರಾಸ ಕಟ್ಟಿ ಹಾಡೋ ಹಾಗೆ ಮಾಡಿದ ಪುಸ್ತಕ ಪ್ರಿಂಟ್ ಮಾಡಿದ, ಅದು ಮನೆಮನೆಗೂ ಹೋಯ್ತು. ಅಚ್ಚಿನ ಮೊಳೆ ಅದೇ, ಶಾಯಿ ಅದೇ.

ನಂಗೆ ಇದ್ರಲ್ಲಿ ತುಂಬಾ ಕಾಡೋದು 1590ರ ದಶಕ. ಲಂಡನ್ನಿನ ಹುಡುಗರು ಒಬ್ರ ಮೇಲೊಬ್ರು ವಿಡಂಬನೆ ಬರೀತಿದ್ರು. ಅವರಲ್ಲೊಬ್ಬ ಕವಿ ಜಾನ್ ಡನ್ ಹುಟ್ಟಿದ್ದು ಕ್ಯಾಥೊಲಿಕ್ ಮನೇಲಿ, ಅವನ ತಮ್ಮ ಹೆನ್ರಿ ಒಬ್ಬ ಕ್ಯಾಥೊಲಿಕ್ ಪಾದ್ರಿಗೆ ಆಶ್ರಯ ಕೊಟ್ಟ (ಆಗ ಅದು ಅಪರಾಧ) ಅಂತ ಸಿಕ್ಕಿಬಿದ್ದು 1593ರಲ್ಲಿ ಜೈಲಲ್ಲೇ ಸತ್ತ. ಡನ್ ತನ್ನ ಮೂರನೇ ವಿಡಂಬನೇಲಿ ಎಲ್ಲಾ ಪಂಥದವರನ್ನೂ ಹೆಣ್ಣು ಹುಡುಕೋ ಗಂಡುಗಳ ಥರ ಸಾಲಾಗಿ ನಿಲ್ಲಿಸಿ ಗೇಲಿ ಮಾಡ್ತಾನೆ, ಒಬ್ಬನಿಗೆ ಹಳೇ ಚಿಂದಿ ಬಟ್ಟೆಯವಳೇ ಬೇಕು, ಇನ್ನೊಬ್ಬನಿಗೆ ಅಲಂಕಾರಾನೇ ಆಗಲ್ಲ, ಆಮೇಲೆ ಅದೇ ಉಸಿರಲ್ಲಿ ಸತ್ಯ ಕಡಿದಾದ ಬೆಟ್ಟದ ಮೇಲಿದೆ, ಸುತ್ತಿ ಸುತ್ತಿ ಹತ್ತಬೇಕು ಅಂತಾನೆ. ಇದು ಗೇಲಿನಾ ಪ್ರಾರ್ಥನೆನಾ, ನೀವೇ ಹೇಳಿ. ಅಚ್ಚು ಹಾಕ್ಸೋ ಗೋಜಿಗೆ ಅವನು ಹೋಗ್ಲಿಲ್ಲ, ಕೈಬರಹದ ಪ್ರತಿಗಳಲ್ಲೇ ಓಡಾಡ್ತಿತ್ತು.

ಅದೇ ಒಳ್ಳೇದಾಯ್ತು ಅನ್ಸತ್ತೆ. 1599ರ ಜೂನ್ 1ಕ್ಕೆ ಚರ್ಚಿನ ಮೇಲಿನವರಿಂದ ಆರ್ಡರ್ ಬಂತು, ಇನ್ಮುಂದೆ ವಿಡಂಬನೆ, ಚುಟುಕ ಅಚ್ಚಾಗೋ ಹಾಗಿಲ್ಲ. ಕಾರಣ ಬರೆದಿಲ್ಲ. ಅಶ್ಲೀಲ ಜಾಸ್ತಿಯಾಗಿತ್ತು ಅಂತ ಕೆಲವರು, ಚುಚ್ಚಿದ್ದು ತಾಗಬಾರದವ್ರಿಗೆ ತಾಗ್ತು ಅಂತ ಕೆಲವರು. ಮೂರೇ ದಿನಕ್ಕೆ ಪ್ರಕಾಶಕರ ಸಂಘದ ಸಭಾಂಗಣದಲ್ಲಿ ಪುಸ್ತಕಗಳಿಗೆ ಬೆಂಕಿ ಬಿತ್ತು. ಪಟ್ಟೀಲಿ ಜೋಸೆಫ್ ಹಾಲ್‌ನ ವಿಡಂಬನೆಗಳೂ ಇದ್ವು, ಕೊನೇ ಗಳಿಗೇಲಿ ಉಳೀತು, 1627ರಲ್ಲಿ ಅದೇ ಹಾಲ್ ಬಿಷಪ್ ಆದ!

ಡನ್ ಕೂಡ ಪಾದ್ರಿಯಾಗಿ 1621ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಡೀನ್ (ಅಲ್ಲಿನ ಮುಖ್ಯ ಪಾದ್ರಿ) ಆದ, 1631ರಲ್ಲಿ ತೀರ್ಕೊಂಡ. ಅವನು ಸತ್ತ ಮೇಲೆ ಪದ್ಯಗಳನ್ನ ಅಚ್ಚು ಹಾಕೋಕೆ ಪರ್ಮಿಷನ್ ಕೇಳಿದಾಗ ಮೊದಲು ವಿಡಂಬನೆಗಳನ್ನ, ಇನ್ನು ಕೆಲವು ಪದ್ಯಗಳನ್ನ ಬಿಟ್ಟು ಉಳಿದಿದ್ದಕ್ಕೆ ಹೂಂ ಅಂದ್ರು, ಆಮೇಲೆ ವಿಡಂಬನೆಗಳಿಗೂ ಒಪ್ಪಿದ್ರು. 1633ರ ಆ ಪುಸ್ತಕದಲ್ಲಿ ಎರಡನೇ ವಿಡಂಬನೆ ತೆಗೆದು ನೋಡಿ, ರಾಜರ ಬಗ್ಗೆ, ಪಾದ್ರಿಗಳ ಬಗ್ಗೆ ಮಾತು ಬರ್ಬೇಕಾದ ಕಡೆ ಅಕ್ಷರ ಇಲ್ಲ, ಬರೀ ಗೆರೆ ಎಳೆದಿದಾರೆ.