ಟ್ರೇಲರ್ ಝಟ್ಕಾ ಹೊಡೆಯುತ್ತಿದೆಯಾ? ಯಾವಾಗ ಅಂತ ಮೊದಲು ನೋಡಿ

"ಮಿಸ್ತ್ರಿ, ಫಿಫ್ತ್ ವೀಲ್ ಢಿಲ್ಲಾ ಆಗೇತ್ರಿ, ಜರಾ ಟೈಟ್ ಮಾಡಿ ಕೊಡ್ರಿ." ಬೆಳಗಾವಿ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಫಿಫ್ತ್ ವೀಲ್ ಅಂದರೆ ಟ್ರೇಲರನ್ನು ಮುಂದಿನ ಗಾಡಿಗೆ ಸೇರಿಸುವ ಜೋಡಣೆ. ಝಟ್ಕಾ ಬೆನ್ನಿಗೆ ತಾಗುವುದು ಆ ಕಡೆಯಿಂದ. ಹಾಗಾಗಿ ದೋಷವೂ ಅಲ್ಲೇ ಇದೆ ಅಂತ ಡ್ರೈವರಿಗೆ ಅನಿಸುವುದು ಸಹಜ. ಆದರೆ ಟೈಟ್ ಮಾಡಿಸಿಕೊಂಡು ಹೋದ ಎಷ್ಟೋ ಗಾಡಿಗಳು ಅದೇ ದೂರು ಹೊತ್ತು ವಾಪಸ್ ಬರುತ್ತವೆ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ನಾನು ಕೇಳುವುದು ಇಷ್ಟು: ಝಟ್ಕಾ ಯಾವಾಗ ಬರುತ್ತದೆ? ಬ್ರೇಕ್ ಒತ್ತಿದಾಗಲಾ, ಗೇರ್ ಬದಲಿಸಿದಾಗಲಾ, ಇಲ್ಲಾ ಸುಮ್ನೆ ಒಂದೇ ವೇಗದಲ್ಲಿ ಹೋಗುವಾಗಲಾ?

ಜೋಡಣೆ ಹೇಗಿದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಎಂಜಿನ್ ಇರುವ ಮುಂದಿನ ಗಾಡಿಯ ಬೆನ್ನ ಮೇಲೆ ಒಂದು ದಪ್ಪ ಉಕ್ಕಿನ ಪ್ಲೇಟ್ ಇರುತ್ತದೆ. ಅದೇ ಫಿಫ್ತ್ ವೀಲ್. ಟ್ರೇಲರ್‌ನ ಮುಂಭಾಗದಡಿ ಕೆಳಕ್ಕೆ ಚಾಚಿದ ಗೂಟ ಕಿಂಗ್ ಪಿನ್. ಪಿನ್ ಪ್ಲೇಟಿನ ಸೀಳಿನೊಳಗೆ ಬಂದು ಕೂತ ಮೇಲೆ ಹಿಂದಿನಿಂದ ಲಾಕ್ ಬೀಳುತ್ತದೆ. ಗಾಡಿ ಎಳೆಯುವಾಗ ಪಿನ್ ಹಿಂದಿನ ಲಾಕಿಗೆ ಒತ್ತಿಕೊಂಡಿರುತ್ತದೆ. ಟ್ರೇಲರ್ ಮುಂದಕ್ಕೆ ದೂಡಿದಾಗ ಪಿನ್ ಮುಂದಿನ ರಿಂಗಿಗೆ ಹೋಗಿ ಬಡಿಯುತ್ತದೆ. ಈ ಎರಡರ ನಡುವೆ ಸವೆತದಿಂದ ಹುಟ್ಟಿದ ಜಾಗ ಇದ್ದರೆ ಅದೇ "ಪ್ಲೇ".

ಪ್ಲೇ ಇದ್ದ ಮಾತ್ರಕ್ಕೆ ಝಟ್ಕಾ ಬರುವುದಿಲ್ಲ. ಪಿನ್ನನ್ನು ಆ ಜಾಗದಲ್ಲಿ ಹಿಂದೆ ಮುಂದೆ ಓಡಿಸುವ ಬಲವೊಂದು ಬೇಕು. ನಾನು ನೋಡಿದ ಗಾಡಿಗಳಲ್ಲಿ ಹೆಚ್ಚಿನ ಸಲ ಆ ಬಲ ಬಂದದ್ದು ಟ್ರೇಲರ್‌ನ ಬ್ರೇಕಿನಿಂದ.

ಪೆಡಲ್ ಒತ್ತಿದ ಕೂಡಲೇ ಮುಂದಿನ ಗಾಡಿಯ ಬ್ರೇಕ್ ಹಿಡಿಯುತ್ತದೆ. ಟ್ರೇಲರ್‌ಗೆ ಹೋಗುವ ಗಾಳಿ ಹೋಸ್ ದಾಟಿ, ಉದ್ದದ ಪೈಪ್ ದಾಟಿ, ಟ್ರೇಲರ್ ಬ್ರೇಕಿಗೆ ಗಾಳಿ ಬಿಡುವ ರಿಲೇ ವಾಲ್ವ್‌ಗೆ ಹೋಗಿ, ಚಕ್ರದ ಹತ್ತಿರದ ಗಾಳಿ ಡಬ್ಬಿ ಅಂದರೆ ಚೇಂಬರ್ ತುಂಬಬೇಕು. ಇಲ್ಲಿ ಒಂದಿಷ್ಟು ತಡ ಸಹಜ. ಚೇಂಬರಿನಿಂದ ಹೊರಬರುವ ಸರಳು ಪುಶ್ ರಾಡ್, ಅದು ದೂಡುವ ಹಿಡಿ ಸ್ಲ್ಯಾಕ್ ಅಡ್ಜಸ್ಟರ್. ಆ ಹಿಡಿ ಸಡಿಲವಾಗಿದ್ದರೆ ಪುಶ್ ರಾಡ್ ಇನ್ನಷ್ಟು ದೂರ ಓಡಿದ ಮೇಲೆಯೇ ಬ್ರೇಕ್ ಲೈನರ್ ಚಕ್ರದ ಡ್ರಮ್ಮಿಗೆ ತಾಗುವುದು. ಅಷ್ಟರೊಳಗೆ ತುಂಬಿದ ಟ್ರೇಲರ್ ಮುಂದಿನ ಗಾಡಿಯನ್ನು ದೂಡಿರುತ್ತದೆ. ಅದು ಮೊದಲ ಝಟ್ಕಾ. ಆಮೇಲೆ ಟ್ರೇಲರ್ ಬ್ರೇಕ್ ಹಿಡಿದು ಹಿಂದಕ್ಕೆ ಜಗ್ಗುತ್ತದೆ. ಅದು ಎರಡನೆಯದು. ಒಂದೇ ಬ್ರೇಕಿಗೆ ಎರಡು ಝಟ್ಕಾ ಬಂದರೆ ಫಿಫ್ತ್ ವೀಲ್ ಬಿಟ್ಟು ಮೊದಲು ಟ್ರೇಲರ್ ಚಕ್ರಗಳ ಕಡೆ ನಡೆಯಿರಿ.

ಇದನ್ನು ಪತ್ತೆ ಮಾಡಲು ಸುಲಭದ ದಾರಿ ಇದೆ. ಸಂಕೇಶ್ವರ ಕಡೆಯಿಂದ ಬರುವವರು ವಂಟಮೂರಿ ಘಾಟ್ ದಾಟಿ ಬರುತ್ತಾರೆ. ಇಳಿಜಾರು ಮುಗಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಪ್ರತಿ ಡ್ರಮ್ಮಿನ ಹತ್ತಿರ ಕೈ ಹಿಡಿದು ಕಾವು ನೋಡಿ. ಮುಟ್ಟಬೇಡಿ, ಸುಡುತ್ತದೆ. ಮುಂದಿನ ಗಾಡಿಯ ಡ್ರಮ್ ಕೆಂಡದಂತೆ ಕಾದು ಟ್ರೇಲರ್‌ನದು ತಣ್ಣಗಿದ್ದರೆ ಟ್ರೇಲರ್ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಒಂದೇ ಚಕ್ರ ವಿಪರೀತ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಗ್ಯಾರೇಜಿಗೆ ಬಂದ ಮೇಲೆ ನಾವು ಪುಶ್ ರಾಡ್ ಓಟ ಅಳೆಯುತ್ತೇವೆ. ಸಾಮಾನ್ಯ ಟೈಪ್ 30 ಚೇಂಬರ್ ಆದರೆ ಪೂರ್ತಿ ಬ್ರೇಕ್ ಒತ್ತಿದಾಗ ಅದು 2 ಇಂಚು ಮೀರಬಾರದು. ಮೂರು ಆಕ್ಸಲ್‌ಗಳ ಎರಡೂ ಬದಿ ಹೆಚ್ಚುಕಮ್ಮಿ ಒಂದೇ ಓಟ ಇರಬೇಕು.

ಲೈನರ್ ಉಳಿಯಲಿ ಅಂತ ಟ್ರೇಲರ್ ಬ್ರೇಕನ್ನು ಬೇಕೆಂದೇ ಸಡಿಲ ಮಾಡಿಸುವವರೂ ಇದ್ದಾರೆ. ಆ ಕೆಲಸ ನಾನು ಮಾಡಿಕೊಡುವುದಿಲ್ಲ. ಮಳೆಗಾಲದ ತಿರುವಿನಲ್ಲಿ ಹಿಂದಿನ ಭಾರ ಮುಂದಿನ ಗಾಡಿಯನ್ನು ದೂಡಿ ಅಡ್ಡ ತಿರುಗಿಸಿದರೆ ಲೈನರ್ ಉಳಿಸಿ ಏನು ಬಂತು?

ಎಂಜಿನ್ನಿನ ಹೊಗೆ ದಾರಿ ಮುಚ್ಚಿ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ವಿಷಯವೂ ಇದಕ್ಕೆ ಸೇರಿದ್ದೇ. ಅದು ಹಿಡಿಯುವುದು ಎಂಜಿನ್ ತಿರುಗಿಸುವ ಚಕ್ರಗಳನ್ನು ಮಾತ್ರ. ಆಕ್ಸಿಲರೇಟರ್ ಮೇಲಿನ ಕಾಲನ್ನು ಥಟ್ಟನೆ ತೆಗೆದು ಅದನ್ನು ಹಾಕಿದರೆ ಟ್ರೇಲರ್ ದೂಡದೆ ಏನು ಮಾಡೀತು? ಕಾಲನ್ನು ನಿಧಾನಕ್ಕೆ ಎತ್ತಿ, ವೇಗ ತುಸು ಇಳಿದ ಮೇಲೆ ಹಾಕಿ.

ಈಗ ಫಿಫ್ತ್ ವೀಲಿಗೆ ಬರೋಣ. ಪ್ಲೇ ನೋಡಲು ಟ್ರೇಲರ್ ಬ್ರೇಕ್ ಹಿಡಿಸಿ, ಚಕ್ರಕ್ಕೆ ಅಡ್ಡೆ ಇಟ್ಟು, ಮುಂದಿನ ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ಒಬ್ಬರು ಬದಿಯಲ್ಲಿ ನಿಂತು ನೋಡಲಿ. ಎರಡು ಗಾಡಿಗಳ ನಡುವೆ ಯಾರೂ ಹೋಗಬಾರದು. ಟಕ್ ಅಂತ ಸದ್ದು ಬಂದು ಪ್ಲೇಟ್ ಸರಿದಾಡಿದರೆ ಪ್ಲೇ ಇದೆ. ಆದರೆ ಪ್ಲೇಟ್ ತನ್ನ ಬ್ರಾಕೆಟ್ ಸಮೇತ ಸರಿದಾಡುತ್ತಿದೆಯಾ ಅಂತಲೂ ನೋಡಿ. ಬ್ರಾಕೆಟ್ಟಿನ ರಬ್ಬರ್ ಬುಷ್ ಹೋಗಿದ್ದರೂ, ಚಾಸಿಗೆ ಕಟ್ಟಿದ ಬೋಲ್ಟ್ ಸಡಿಲವಾಗಿದ್ದರೂ ಅದೇ ಸದ್ದು ಬರುತ್ತದೆ. ಅಂಥ ಗಾಡಿಯ ಲಾಕ್ ಎಷ್ಟು ಟೈಟ್ ಮಾಡಿದರೂ ಉಪಯೋಗ ಇಲ್ಲ.

ಲಾಕ್ ಟೈಟ್ ಮಾಡುವ ಮೊದಲು ಕಿಂಗ್ ಪಿನ್ ಅಳೆಯಲೇಬೇಕು. 2 ಇಂಚಿನ ಹೊಸ ಪಿನ್ ಲಾಕ್ ಬೀಳುವ ಜಾಗದಲ್ಲಿ 50.8 ಮಿಲಿಮೀಟರ್ ಇರುತ್ತದೆ. 49ಕ್ಕೆ ಇಳಿದರೆ ಬದಲಿಸಬೇಕು. ಪಿನ್ ಸುತ್ತಲೂ ಸಮನಾಗಿ ಸವೆಯುವುದಿಲ್ಲ. ಒತ್ತಡ ಬೀಳುವುದು ಮುಂದೆ ಹಿಂದೆ, ಹಾಗಾಗಿ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಅಡ್ಡಡ್ಡ ಮಾತ್ರ ಅಳೆದರೆ ಪಿನ್ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಮುಂದಿನಿಂದ ಹಿಂದಕ್ಕೂ ಅಳೆಯಿರಿ. ಇನ್ನೊಂದು ತೊಂದರೆ ಇದೆ. ನಮ್ಮ ಕಡೆ ಒಂದೇ ಎಂಜಿನ್ ಗಾಡಿಗೆ ಇವತ್ತು ಒಂದು ಟ್ರೇಲರ್, ನಾಳೆ ಇನ್ನೊಂದು. ಸವೆದ ಪಿನ್ನಿಗೆ ಹೊಂದುವಂತೆ ಲಾಕ್ ಬಿಗಿದರೆ, ಹೊಸ ಪಿನ್ ಇರುವ ಟ್ರೇಲರ್ ಬಂದಾಗ ಲಾಕ್ ಪೂರ್ತಿ ಬೀಳದೇ ಇರಬಹುದು. ಝಟ್ಕಾ ಹೋಗುತ್ತದೆ, ಟ್ರೇಲರ್ ಕೂಡ ದಾರಿಯಲ್ಲೇ ಕಳಚಿ ಹೋಗುತ್ತದೆ!

ಗ್ರೀಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೇ ಗ್ರೀಸ್ ಒರೆಸಿ ತೆಗೆದ ಮೇಲೆ ಹೊಸದು ಹಚ್ಚಿ, ಅಷ್ಟೇ. ಸುಣ್ಣದ ಕಲ್ಲಿನ ಧೂಳು ಕೂತ ಗ್ರೀಸಿನ ಮೇಲೆ ಹೊಸದು ಮೆತ್ತಿದರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ.

ಇನ್ನು ಭಾರ. ಇಳಕಲ್ ಕಡೆಯಿಂದ ಗ್ರಾನೈಟ್ ಬ್ಲಾಕ್ ಹೊತ್ತು ಬರುವ ಟ್ರೇಲರ್‌ಗಳಲ್ಲಿ ಈ ಸಮಸ್ಯೆ ಚೆನ್ನಾಗಿ ಕಾಣುತ್ತದೆ. ಸಿಮೆಂಟ್ ಚೀಲದ ಹಾಗೆ ಬ್ಲಾಕಿನ ಭಾರ ಹರಡಿಕೊಳ್ಳುವುದಿಲ್ಲ, ಇಟ್ಟಲ್ಲೇ ಕೂರುತ್ತದೆ. ಬ್ಲಾಕ್ ತುಂಬಾ ಹಿಂದಿದ್ದರೆ ಪಿನ್ ಮೇಲೆ ಭಾರ ಕಮ್ಮಿಯಾಗಿ ಟ್ರೇಲರ್‌ನ ಮೂಗು ಕುಣಿಯುತ್ತದೆ. ಅದಕ್ಕೆ ಹೆದರಿ ತೀರಾ ಮುಂದಿಟ್ಟರೆ ಎಂಜಿನ್ ಗಾಡಿಯ ಹಿಂದಿನ ಆಕ್ಸಲ್ ಮಿತಿ ಮೀರುತ್ತದೆ. 2018ರಲ್ಲಿ ಜೋಡಿ ಆಕ್ಸಲ್ ಮಿತಿ 19ರಿಂದ 21 ಟನ್‌ಗೆ, ಮೂರು ಆಕ್ಸಲ್‌ನದು 24ರಿಂದ 27 ಟನ್‌ಗೆ ಏರಿತು. ಒಟ್ಟು ತೂಕ ಸರಿ ಇದ್ದು ಆಕ್ಸಲ್‌ಗಳ ಒಂದು ಗುಂಪು ಮಾತ್ರ ಮಿತಿ ದಾಟುವುದು ಈ ಬ್ಲಾಕಿನ ಲೋಡಿನಲ್ಲೇ ಜಾಸ್ತಿ. ವೇ ಬ್ರಿಡ್ಜ್ ಮೇಲೆ ಒಟ್ಟು ತೂಕದ ಚೀಟಿ ತಗೊಂಡು ಹೊರಡಬೇಡಿ. ಮುಂದಿನ ಗಾಡಿಯ ಚಕ್ರಗಳನ್ನು ಮಾತ್ರ ಹತ್ತಿಸಿ ಇನ್ನೊಂದು ತೂಕ ಮಾಡಿಸಿ.

ಬ್ರೇಕ್ ಸರಿ, ಪಿನ್ ಸರಿ, ಭಾರವೂ ಸರಿ. ಆದರೂ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಗಾಡಿ ಕುದುರೆ ಓಟ ಶುರು ಮಾಡುತ್ತದೆ ಅಂತಾರೆ ಕೆಲವರು. ಅದು ರಸ್ತೆಯ ಲೆಕ್ಕ. ನಮ್ಮಲ್ಲಿ ಕಾಂಕ್ರೀಟ್ ಹಾಸಿಗೆ ಸಾಮಾನ್ಯವಾಗಿ ಸುಮಾರು 4.5 ಮೀಟರಿಗೊಂದು ಜಾಯಿಂಟ್ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್, ಅಂದರೆ ಸೆಕೆಂಡಿಗೆ ಮೂರೂವರೆಗಿಂತ ಜಾಸ್ತಿ ಬಡಿತ. ಪಟ್ಟಾ ಸ್ಪ್ರಿಂಗಿನ ಗಾಡಿ ತಾನಾಗಿ ಕುಣಿಯುವ ತಾಳವೂ ಇದರ ಆಸುಪಾಸಿನಲ್ಲೇ ಇರುತ್ತದೆ. ಎರಡೂ ಒಂದಾದರೆ ಕುಣಿತ ಬೆಳೆಯುತ್ತಾ ಹೋಗುತ್ತದೆ. ಇದಕ್ಕೆ ಪಾರ್ಟ್ ಬದಲಿಸಬೇಕಿಲ್ಲ. ವೇಗ ಒಂದು ಐದು ಹತ್ತು ಕಿಲೋಮೀಟರ್ ಇಳಿಸಿ ನೋಡಿ, ತಾಳ ತಪ್ಪುತ್ತದೆ. ಡಾಂಬರು ರಸ್ತೆಯಲ್ಲೂ ಕುಣಿದರೆ ಮಾತ್ರ ಶಾಕ್ ಅಬ್ಸಾರ್ಬರ್, ಟೈರಿನ ಗಾಳಿ, ಗುಂಡಗಿಲ್ಲದ ಟೈರ್ ಹುಡುಕಿ.

ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ತೋರಿಸಿ "ಇಂಥಾ ಏರ್ ಬ್ಯಾಗ್ ಜೋಡಣೆ ಕೂರಿಸಿ ಕೊಡ್ರಿ" ಅನ್ನುವ ಹುಡುಗರೂ ಬರುತ್ತಾರೆ. ಅಲ್ಲಿ ಪಿಕಪ್ ಗಾಡಿಯ ಹಿಂದೆ ಮನೆಯಂಥ ಟ್ರೇಲರ್ ಎಳೆಯುತ್ತಾರೆ. ಪಿನ್ ಮೇಲೆ ಟ್ರೇಲರ್ ತೂಕದ ಶೇಕಡಾ 15ರಿಂದ 25ರಷ್ಟು ಬೀಳಬೇಕು ಅಂತ ಲೆಕ್ಕ ಇಡುತ್ತಾರೆ. ರಬ್ಬರ್ ಅಥವಾ ಗಾಳಿಚೀಲದ ಪಿನ್ ಬಾಕ್ಸ್ (ಕಿಂಗ್ ಪಿನ್ ಹಿಡಿದಿರುವ ಪೆಟ್ಟಿಗೆ) ಆ ತೂಕಕ್ಕೆ ಒಳ್ಳೆಯದೇ. ಗ್ರಾನೈಟ್ ಹೊರುವ ಗಾಡಿಗೆ ಅದನ್ನು ತಂದು ಕೂರಿಸುವುದು ದುಡ್ಡಿನ ದಂಡ ಅಂತ ನನ್ನ ಅಭಿಪ್ರಾಯ.

ಗೇರ್ ಬದಲಿಸುವಾಗ ಮಾತ್ರ ಝಟ್ಕಾ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಶಾಫ್ಟಿನ ಕೀಲು), ಕ್ಲಚ್, ಎಂಜಿನ್ ಮೌಂಟಿಂಗ್ ನೋಡಿಸಿ. ಅವೂ ಸರಿ ಇದ್ದರೆ ಉಳಿದದ್ದು ಡ್ರೈವರಿನ ಕಾಲು. ದೊಡ್ಡ ಗೇರಿನಲ್ಲಿ ಎಂಜಿನ್ ನಡುಗಿಸುತ್ತಾ ಹತ್ತುವ ಅಭ್ಯಾಸ ಬಿಡಬೇಕು. ಹೊರಡುವಾಗ ಮೊದಲು ಪ್ಲೇ ಅಷ್ಟನ್ನೂ ಮೆಲ್ಲಗೆ ಎಳೆದುಕೊಳ್ಳಬೇಕು, ಟ್ರೇಲರ್ ಹೊರಟಿತು ಅಂತ ಸೀಟಿಗೆ ಗೊತ್ತಾದ ಮೇಲೆ ಆಕ್ಸಿಲರೇಟರ್ ಕೊಡಬೇಕು. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಡ್ರೈವರುಗಳು ಈ ಕೆಲಸದಲ್ಲಿ ಪಳಗಿದವರು, ಯಾಕೆಂದರೆ ಅವರದು ಎರಡು ಜೋಡಣೆ, ಎರಡು ಪ್ಲೇ. ಅವರಿಗೆ ನನ್ನದು ಬೇರೆ ತಕರಾರು: ಟ್ರಾಲಿ ಜೋಡಿಸುವ ಬಳೆಯ ತೂತಿಗೆ ತಕ್ಕ ದಪ್ಪದ ಪಿನ್ ಹಾಕಿ, ಕಟ್ಟಡದ ಕಬ್ಬಿಣದ ಸರಳು ತುರುಕಬೇಡಿ, ಪಕ್ಕದಲ್ಲಿ ಸರಪಳಿಯೂ ಇರಲಿ.