ಅಟ್ ಆಲ್ ಅಂದ್ರೆ ಏನು, ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು

ಇಂಗ್ಲಿಷ್ ಮಾತಾಡೋರ ಬಾಯಲ್ಲಿ ಸದಾ ಬರೋ ಎರಡು ಪುಟ್ಟ ಪದ ಅಟ್ ಮತ್ತೆ ಆಲ್. ಬೇರೆ ಬೇರೆ ತಗೊಂಡ್ರೆ ಎರಡೂ ಎಲ್ರಿಗೂ ಗೊತ್ತಿರೋವೇ, ಆದ್ರೆ ಜೋಡಿಯಾಗಿ ವಾಕ್ಯದ ಕೊನೇಲಿ ಬಂದು ಕೂತಾಗ ಇದಕ್ಕೇನರ್ಥ ಅಂತ ತುಂಬಾ ಜನ ತಡವರಿಸ್ತಾರೆ, ಯಾಕಂದ್ರೆ ಆಲ್ ಅಂದ್ರೆ ಎಲ್ಲಾ ಅಂತ ಮೊದಲೇ ತಲೇಲಿ ಕೂತಿರುತ್ತೆ, ಅದನ್ನ ಇಟ್ಕೊಂಡು ಅರ್ಥ ಮಾಡ್ಕೊಳ್ಳೋಕೆ ಹೋದ್ರೆ ದಾರಿ ತಪ್ಪೋದು ಗ್ಯಾರಂಟಿ.

ಒಂದು ವಾಕ್ಯ ನೋಡೋಣ. "ಐ ಆಮ್ ನಾಟ್ ಟೈರ್ಡ್" ಅಂದ್ರೆ ನಂಗೆ ಸುಸ್ತಾಗಿಲ್ಲ. ಸರಿ, ಆದ್ರೆ ಕೇಳಿಸ್ಕೊಂಡೋರಿಗೆ ಒಂಚೂರು ಸುಸ್ತು ಇರ್ಬಹುದೇನೋ, ಸುಮ್ನೆ ಹೇಳ್ತಿದಾರೇನೋ ಅನ್ನೋ ಅನುಮಾನಕ್ಕೆ ಜಾಗ ಇದ್ದೇ ಇರುತ್ತೆ. "ಐ ಆಮ್ ನಾಟ್ ಟೈರ್ಡ್ ಅಟ್ ಆಲ್" ಅಂದ್ಬಿಟ್ರೆ ಆ ಜಾಗಾನೂ ಮುಚ್ಚೋಯ್ತು. ಒಂಚೂರೂ ಸುಸ್ತಾಗಿಲ್ಲ. ಅಂದ್ರೆ ಅಟ್ ಆಲ್ ಮಾಡೋ ಕೆಲಸ ಇಷ್ಟೇ, ಒಂದು ವಿಷಯದ ಅತೀ ಕಡಿಮೆ ಅಳತೆ ಯಾವುದಿದೆಯೋ ಅಲ್ಲೀವರೆಗೂ ಹೋಗಿ ಅದೂ ಇಲ್ಲ ಅಂತ ಹೇಳೋದು.

ಕನ್ನಡದಲ್ಲಿ ಈ ಕೆಲಸಕ್ಕೆ ನಮ್ಮತ್ರ ಒಂದು ಗುಂಪೇ ಇದೆ: ಒಂಚೂರೂ, ಸ್ವಲ್ಪಾನೂ, ಎಳ್ಳಷ್ಟೂ, ಕಿಂಚಿತ್ತೂ, ಸುತರಾಂ. ಅದೂ ಸಾಲದು ಅಂತ ಕ್ರಿಯಾಪದಕ್ಕೇ ಒಂದು 'ಏ' ಅಂಟಿಸ್ತೀವಿ. ಬರ್ಲಿಲ್ಲ ಅನ್ನೋದು ಬರೀ ಸುದ್ದಿ, ಬರ್ಲೇ ಇಲ್ಲ ಅಂದಾಗ ಅದ್ರಲ್ಲಿ ಒತ್ತು ಬಂತು. ಇಂಗ್ಲಿಷ್‌ನಲ್ಲಿ "ಹೀ ಡಿಂಟ್ ಕಮ್ ಅಟ್ ಆಲ್" ಅಂತಾರಲ್ಲ, ಅದು ಆ 'ಬರ್ಲೇ ಇಲ್ಲ'. ಹಂಗಾಗಿ ಅಟ್ ಆಲ್‌ಗೆ ಒಂದೇ ಕನ್ನಡ ಪದ ಹುಡುಕಿ ಬಾಯಿಪಾಠ ಮಾಡ್ಕೋಬೇಡಿ, ಒಂದು ಕಡೆ ಅದು ಒಂಚೂರೂ ಆಗುತ್ತೆ, ಇನ್ನೊಂದು ಕಡೆ ಆ 'ಏ' ಆಗುತ್ತೆ, ಪ್ರಶ್ನೇಲಿ ಬಂದ್ರೆ ಅಸಲಿಗೆ ಅಂತ ಆಗುತ್ತೆ.

ಈಗ ಮುಖ್ಯವಾದ ವಿಷಯ. ಸಾಮಾನ್ಯ ಇಂಗ್ಲಿಷ್‌ನಲ್ಲಿ ಹೌದು ಅನ್ನೋ ನೇರವಾದ ವಾಕ್ಯದಲ್ಲಿ ಅಟ್ ಆಲ್ ನಿಲ್ಲಲ್ಲ. "ಐ ಲೈಕ್ ಇಟ್ ಅಟ್ ಆಲ್" ಅಂತ ಹೇಳಿದ್ರೆ ಕೇಳೋರಿಗೆ ಏನೋ ಬಿಟ್ಟೋಗಿದೆ ಅನ್ಸುತ್ತೆ. ಇದನ್ನ ರೂಲ್ ಅಂತ ಉರು ಹೊಡೀಬೇಕಾಗಿಲ್ಲ, ನಮ್ಮ ಭಾಷೇಲೇ ಇದೇ ನಡೆ ಇದೆ. ನಂಗದು ಎಳ್ಳಷ್ಟೂ ಇಷ್ಟ ಇಲ್ಲ ಅಂತೀವಿ, ಎಳ್ಳಷ್ಟೂ ಇಷ್ಟ ಇದೆ ಅಂತ ಯಾರಾದ್ರೂ ಅಂತಾರಾ? ಸುತರಾಂ ಒಪ್ಪಲ್ಲ ಅಂತಾರೆ, ಸುತರಾಂ ಒಪ್ತೀನಿ ಅನ್ನಲ್ಲ. ಕಾರಣಾನೂ ಒಂದೇ. ಅತೀ ಕಡಿಮೆ ಅಳತೇದೂ ಇಲ್ಲ ಅಂದ್ರೆ ಏನೂ ಇಲ್ಲ ಅಂತಾಯ್ತು, ಮಾತಿಗೆ ಬಲ ಬಂತು. ಅತೀ ಕಡಿಮೆ ಅಳತೇದು ಇದೆ ಅಂದ್ರೆ ಏನು ಹೇಳಿದಂಗಾಯ್ತು, ಇರೋದ್ರಲ್ಲೇ ದುರ್ಬಲವಾದ ಮಾತದು, ಅದಕ್ಕೆ ಒತ್ತು ಕೊಡೋದ್ರಲ್ಲಿ ಅರ್ಥಾನೇ ಇಲ್ಲ. ಭಾಷಾವಿಜ್ಞಾನದೋರು ಇಂಥ ಪದಗಳಿಗೆ ನೆಗೆಟಿವ್ ಪೊಲ್ಯಾರಿಟಿ ಐಟಮ್ ಅಂತಾರೆ, ಎನಿ, ಎವರ್ ಇವೂ ಅದೇ ಜಾತಿಗೆ ಸೇರಿದವು. ತುಂಬಾ ಹಿಂದೆ, 14ನೇ ಶತಮಾನದ ಹೊತ್ತಿಗೆ, ಅಟ್ ಆಲ್‌ಗೆ ಪೂರ್ತಿಯಾಗಿ, ಎಲ್ಲಾ ರೀತೀಲೂ ಅನ್ನೋ ಅರ್ಥ ಇತ್ತು, ಆಗ ಹೌದು ಅನ್ನೋ ವಾಕ್ಯದಲ್ಲೂ ಬರ್ತಿತ್ತು. ಆಲ್ ಅನ್ನೋ ಪದ ಇದ್ರೊಳಗೆ ಯಾಕೆ ಬಂತು ಅನ್ನೋದು ಅಲ್ಲಿಂದ ತಿಳಿಯುತ್ತೆ. ಆಮೇಲೆ ಬರ್ತಾ ಬರ್ತಾ ಇಲ್ಲ ಅನ್ನೋ ಕಡೆಗೇ ವಾಲ್ಕೊಂಡ್ಬಿಡ್ತು.

ನಾಟ್ ಅಂತ ಕಣ್ಣಿಗೆ ಕಾಣೋ ಹಂಗೆ ಇದ್ರೇನೇ ಇದು ಬರೋದು ಅಂತೇನಿಲ್ಲ, ಅರ್ಥದಲ್ಲಿ ಇಲ್ಲ ಅನ್ನೋದು ಅಡಗಿದ್ರೂ ಸಾಕು. "ಹೀ ಹಾರ್ಡ್ಲೀ ಸ್ಪೀಕ್ಸ್ ಅಟ್ ಆಲ್" ಅಂದ್ರೆ ಅವನು ಮಾತಾಡೋದೇ ಅಪರೂಪ. ವಿದೌಟ್ ಇದ್ರೂ ಬರುತ್ತೆ, "ವಿದೌಟ್ ಎನಿ ರೀಸನ್ ಅಟ್ ಆಲ್", ಏನೇನೂ ಕಾರಣ ಇಲ್ದೆ. ನಂಗೆ ತುಂಬಾ ಚೆನ್ನಾಗಿ ಕಾಣೋದು ಇದು: "ಐ ಆಮ್ ಸರ್‌ಪ್ರೈಸ್ಡ್ ಇಟ್ ವರ್ಕ್ಸ್ ಅಟ್ ಆಲ್". ಇಲ್ಲಿ ನಾಟ್ ಇಲ್ಲ, ಕೆಲಸ ಮಾಡ್ತಿದೆ ಅಂತಾನೇ ಹೇಳ್ತಿರೋದು, ಆದ್ರೂ ಇದು ಕೆಲಸ ಮಾಡಲ್ಲ ಅಂತ ಅಂದ್ಕೊಂಡಿದ್ದೆ ಅನ್ನೋದು ಒಳಗೆ ಕೂತಿದೆ. ಇದು ನಡೀತಿರೋದೇ ಆಶ್ಚರ್ಯ ಅಂತೀವಲ್ಲ, ಅದೇ 'ಏ' ಮತ್ತೆ ಬಂತು ನೋಡಿ.

ಪ್ರಶ್ನೇಲಿ ಬಂದಾಗ ಸ್ವಲ್ಪ ಹುಷಾರಾಗಿರ್ಬೇಕು. "ಡಿಡ್ ಯು ರೀಡ್ ಇಟ್?" ಅಂದ್ರೆ ಓದಿದ್ರಾ ಅಂತ ಸಾದಾ ಪ್ರಶ್ನೆ. "ಡಿಡ್ ಯು ರೀಡ್ ಇಟ್ ಅಟ್ ಆಲ್?" ಅಂತ ಗಡುಸಾಗಿ ಕೇಳಿದ್ರೆ ಅಸಲಿಗೆ ಓದಿದೀರಾ ಇಲ್ವಾ ಅಂತ ಆಗೋಗುತ್ತೆ, ಕೇಳಿಸ್ಕೊಂಡೋರಿಗೆ ನನ್ನ ಮೇಲೆ ಅನುಮಾನ ಪಡ್ತಿದಾರೆ ಅನ್ಸುತ್ತೆ. ದೊಡ್ಡೋರಿಗೋ ಆಫೀಸಲ್ಲಿ ಮೇಲಿನೋರಿಗೋ ಇಂಥದ್ದನ್ನ ಮೇಲ್‌ನಲ್ಲಿ ಬರೆಯೋ ಮುಂಚೆ ಯೋಚನೆ ಮಾಡಿ, ಯಾಕಂದ್ರೆ ಮೇಲ್‌ನಲ್ಲಿ ದನಿ ಕೇಳಿಸಲ್ಲ. ಆದ್ರೆ "ಕ್ಯಾನ್ ಐ ಹೆಲ್ಪ್ ಯು ಅಟ್ ಆಲ್?" ಅಂದಾಗ ಇದು ಪೂರ್ತಿ ಉಲ್ಟಾ, ಏನಾದ್ರೂ ಸ್ವಲ್ಪ ಸಹಾಯ ಮಾಡ್ಲಾ ಅನ್ನೋ ಮೃದುವಾದ ಮಾತು, ಬ್ರಿಟನ್ ಕಡೆ ಇದು ಚೆನ್ನಾಗಿ ಕೇಳ್ಸುತ್ತೆ.

ಇಫ್ ಅಟ್ ಆಲ್ ಬಗ್ಗೆನೂ ಹೇಳ್ಲೇಬೇಕು. ಭಾರತದ ಇಂಗ್ಲಿಷ್‌ನಲ್ಲಿ ವಾಕ್ಯ ಶುರು ಮಾಡೋದೇ ಹಿಂಗೆ, "ಇಫ್ ಅಟ್ ಆಲ್ ಹೀ ಕಮ್ಸ್, ಟೆಲ್ ಮೀ". ಒಂದು ವೇಳೆ ಬಂದ್ರೆ ಅನ್ನೋದನ್ನ ಹಂಗೇ ತಂದಿದ್ದು. ನಮ್ಮಲ್ಲಿ ಎಲ್ರಿಗೂ ಅರ್ಥ ಆಗುತ್ತೆ, ಅದನ್ನ ತಪ್ಪು ಅಂತ ಬೈಯ್ಯೋದು ನಂಗೆ ಇಷ್ಟ ಇಲ್ಲ, ಆದ್ರೆ ಬೇರೆ ದೇಶದೋರ ಕಿವಿಗೆ ಅದು ಒಗ್ಗಲ್ಲ. ಅವ್ರು "ಇಫ್ ಹೀ ಕಮ್ಸ್ ಅಟ್ ಆಲ್" ಅಂತಾರೆ, ಇಲ್ಲಾಂದ್ರೆ ಕೊನೇಲಿ ತಂದಿಡ್ತಾರೆ, "ಹೀ ರೇರ್ಲೀ ಕಮ್ಸ್, ಇಫ್ ಅಟ್ ಆಲ್", ಬರೋದೇ ಅಪರೂಪ, ಬಂದ್ರೆ ಬಂದ. ಪರೀಕ್ಷೆಗೆ ಬರೆಯೋರು ಈ ಎರಡನ್ನ ರೂಢಿ ಮಾಡ್ಕೊಳ್ಳೋದು ಒಳ್ಳೇದು.

ಇನ್ನೊಂದು ಕಡೆ ಜನ ನಿಜವಾಗ್ಲೂ ಎಡವೋದು ಇದೆ, ಅಟ್ ಅನ್ನೋದನ್ನ ನುಂಗ್ಬಿಡೋದು. "ಐ ಡಿಂಟ್ ಅಂಡರ್‌ಸ್ಟಾಂಡ್ ಇಟ್ ಆಲ್" ಅಂದ್ರೆ ಪೂರ್ತಿ ಅರ್ಥ ಆಗ್ಲಿಲ್ಲ, ಸ್ವಲ್ಪ ಆಗಿದೆ ಅಂತ. "ಐ ಡಿಂಟ್ ಅಂಡರ್‌ಸ್ಟಾಂಡ್ ಇಟ್ ಅಟ್ ಆಲ್" ಅಂದ್ರೆ ಏನೇನೂ ಅರ್ಥ ಆಗ್ಲಿಲ್ಲ. ಮಧ್ಯೆ ಒಂದು ಅಟ್, ಅಷ್ಟೇ, ಆದ್ರೆ ಪಾಠ ಹೇಳ್ಕೊಡೋರು ಮೊದಲನೇದು ಕೇಳಿದ್ರೆ ಉಳಿದಿದ್ದನ್ನ ಮಾತ್ರ ಹೇಳ್ತಾರೆ, ಎರಡನೇದು ಕೇಳಿದ್ರೆ ಮೊದಲಿಂದ ಶುರು ಮಾಡ್ತಾರೆ. ಬೇಗ ಬೇಗ ಮಾತಾಡೋವಾಗ ಇಟ್ ಮತ್ತೆ ಅಟ್ ಒಂದಕ್ಕೊಂದು ಅಂಟ್ಕೊಂಡು ಬರುತ್ತೆ, ಅದಕ್ಕೆ ಬರೆಯೋವಾಗ್ಲೂ ಬಿಟ್ಟೋಗುತ್ತೆ.

ವಾಕ್ಯದಲ್ಲಿ ಜಾಗ ಎರಡು. "ಇಟ್ ಈಸ್ ನಾಟ್ ಈಸಿ ಅಟ್ ಆಲ್" ಅಂತ ಕೊನೇಲಿ ಹಾಕ್ಬಹುದು, "ಇಟ್ ಈಸ್ ನಾಟ್ ಅಟ್ ಆಲ್ ಈಸಿ" ಅಂತ ನಾಟ್ ಪಕ್ಕಾನೇ ಹಾಕ್ಬಹುದು. ಅರ್ಥ ಒಂದೇ, ಮೊದಲನೇದು ಮಾತಿಗೆ ಹತ್ರ, ಎರಡನೇದು ಬರವಣಿಗೇಲಿ ಚೆನ್ನಾಗಿರುತ್ತೆ. ವಾಟ್‌ಸೋಎವರ್ ಅನ್ನೋದೂ ಇದೇ ಥರ ಒತ್ತು ಕೊಡುತ್ತೆ, ಆದ್ರೆ ಸಾಮಾನ್ಯವಾಗಿ ನಾಮಪದ ಆದ್ಮೇಲೇನೇ ಬರುತ್ತೆ, "ನೋ ಡೌಟ್ ವಾಟ್‌ಸೋಎವರ್" ಅಂತ.

ನಾಟ್ ಅಟ್ ಆಲ್ ಅನ್ನೋದು ಒಂಟಿಯಾಗೂ ಉತ್ತರ ಆಗುತ್ತೆ. ಥ್ಯಾಂಕ್ಸ್ ಅಂದಾಗ ನಾಟ್ ಅಟ್ ಆಲ್ ಅಂದ್ರೆ ಅಯ್ಯೋ ಅದ್ರಲ್ಲೇನಿದೆ ಬಿಡಿ ಅಂತ, ಸ್ವಲ್ಪ ಹಳೇ ಕಾಲದ ಮರ್ಯಾದೆ ಮಾತು. "ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?" ಅಂತ ಯಾರಾದ್ರೂ ಕೇಳಿ ನೀವು ನಾಟ್ ಅಟ್ ಆಲ್ ಅಂದ್ರೆ ಕೂತ್ಕೊಳ್ಳಿ ಅಂತಾನೇ ಅರ್ಥ, ಕೂರ್ಬೇಡಿ ಅಂತಲ್ಲ, ಯಾಕಂದ್ರೆ ಕೇಳಿರೋದು ನಿಮಗೆ ತೊಂದರೆನಾ ಅಂತ. ಅದೇ "ಡಿಡ್ ಯು ಲೈಕ್ ಇಟ್?" ಅಂತ ಕೇಳಿದೋರಿಗೆ ನಾಟ್ ಅಟ್ ಆಲ್ ಅಂದ್ರೆ ಮುಖಕ್ಕೆ ಹೊಡೆದಂಗೆ ಇರುತ್ತೆ, ಅವ್ರ ಮನಸ್ಸು ನೋಯಿಸ್ಬಾರ್ದು ಅಂತಿದ್ರೆ ಅಲ್ಲಿ "ನಾಟ್ ರಿಯಲಿ" ಅನ್ನಿ.