ಕೀಲಿ ಯಾರ ಕೈಯಲ್ಲಿದೆ? ಕ್ರಿಪ್ಟೊ ಕರೆನ್ಸಿಯ ಪದಗಳ ಪರಿಚಯ

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ರೈತನ ಲೆಕ್ಕವು ದಲಾಲಿ ಅಂಗಡಿಯ ಕಿರ್ದಿಯಲ್ಲಿರುತ್ತದೆ. ಅದೇ ಕಿರ್ದಿಯ ನಕಲು ಮಂಡಿಯ ಎಲ್ಲ ಅಂಗಡಿಗಳಲ್ಲೂ ಇದ್ದು, ಹೊಸ ಸಾಲು ಎಲ್ಲ ಕಡೆಯೂ ಸೇರುವಂತಿದ್ದರೆ ಯಾರೂ ಗುಟ್ಟಾಗಿ ಅಂಕಿ ತಿದ್ದಲಾಗದು. ಸಾವಿರಾರು ಕಂಪ್ಯೂಟರುಗಳಲ್ಲಿ ಹೀಗೆ ಹರಡಿಕೊಂಡಿರುವ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಪ್ರಬಂಧವು ಬಿಟ್‌ಕಾಯಿನ್ ಎಂಬ ಕ್ರಿಪ್ಟೊ ಕರೆನ್ಸಿಯ ಈ ವ್ಯವಸ್ಥೆಯನ್ನು ವಿವರಿಸಿತು. ಅದರ ಮೊದಲ ಬ್ಲಾಕ್, ಅಂದರೆ ಲೆಕ್ಕದ ಸಾಲುಗಳ ಮೊದಲ ಕಂತೆ, 2009ರ ಜನವರಿ 3ರದು.

ತಿದ್ದುಪಡಿಯನ್ನು ಬಯಲು ಮಾಡುವುದು ಹ್ಯಾಶ್. ಬಿಟ್‌ಕಾಯಿನ್ ಬಳಸುವ ಎಸ್‌ಎಚ್‌ಎ-256 ಸೂತ್ರಕ್ಕೆ ‘ಚಿತ್ರದುರ್ಗ’ ಎಂಬ ಪದವನ್ನು ಕೊಟ್ಟರೂ, ಇಡೀ ಗ್ರಂಥವನ್ನೇ ಕೊಟ್ಟರೂ ಸಾಮಾನ್ಯವಾಗಿ 64 ಅಕ್ಷರಾಂಕಿಗಳಲ್ಲಿ ಬರೆಯುವ ಒಂದು ಗುರುತು ಸಿಗುತ್ತದೆ. ಒಂದೇ ಒಂದು ಅಕ್ಷರ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಪ್ರತಿ ಬ್ಲಾಕ್ ತನ್ನ ಹಿಂದಿನದರ ಹ್ಯಾಶನ್ನು ಹೊತ್ತಿರುವುದರಿಂದ, ಹಳೆಯ ಲೆಕ್ಕವನ್ನು ಮುಟ್ಟಿದರೆ ಅಲ್ಲಿಂದ ಮುಂದಿನ ಸರಪಳಿಯೆಲ್ಲ ತಾಳೆ ತಪ್ಪುತ್ತದೆ. ನಿಗದಿತ ಮಿತಿಯೊಳಗಿನ ಹ್ಯಾಶ್ ಸಿಗುವವರೆಗೆ ಕಂಪ್ಯೂಟರುಗಳು ನಡೆಸುವ ಹುಡುಕಾಟಕ್ಕೆ ಮೈನಿಂಗ್ ಎನ್ನುತ್ತಾರೆ. ಗೆದ್ದವರಿಗೆ ಹೊಸ ನಾಣ್ಯಗಳು ಸಿಗುತ್ತವೆ. 2024ರ ಏಪ್ರಿಲ್‌ನಲ್ಲಿ ಆ ಬಹುಮಾನವು ಅರ್ಧಕ್ಕಿಳಿದು 3.125 ಬಿಟ್‌ಕಾಯಿನ್ ಆಯಿತು.

ಹೊಸಬರು ಎಲ್ಲಕ್ಕಿಂತ ಮೊದಲು ಅರಿಯಬೇಕಾದ ಪದ ಖಾಸಗಿ ಕೀಲಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ವಾಲೆಟ್ ಎಂಬ ಆ್ಯಪ್ ಅಥವಾ ಸಾಧನದೊಳಗೆ ನಾಣ್ಯವಿರುವುದಿಲ್ಲ, ಇರುವುದು ನಾಣ್ಯವನ್ನು ಖರ್ಚು ಮಾಡುವ ಅಧಿಕಾರ ಕೊಡುವ ಈ ಕೀಲಿ. ಅದೊಂದು ಊಹಿಸಲಾಗದಷ್ಟು ದೊಡ್ಡ ಸಂಖ್ಯೆ. ಅದರಿಂದ ಹಣ ಪಡೆಯುವ ವಿಳಾಸವನ್ನು ಲೆಕ್ಕ ಹಾಕಬಹುದು, ಆದರೆ ವಿಳಾಸದಿಂದ ಕೀಲಿಯನ್ನು ಕಂಡುಹಿಡಿಯುವುದು ಇಂದಿನ ಕಂಪ್ಯೂಟರುಗಳಿಗೆ ಅಸಾಧ್ಯ. ಕೀಲಿಯನ್ನು ಮತ್ತೆ ಪಡೆಯಲು ಹಲವು ವಾಲೆಟ್‌ಗಳು 12 ಅಥವಾ 24 ಪದಗಳ ಸೀಡ್ ಫ್ರೇಸ್ ಕೊಡುತ್ತವೆ. ಅದು ಕಳೆದರೆ ದೂರು ಕೊಡಲು ಯಾವ ಬ್ಯಾಂಕ್ ಶಾಖೆಯೂ ಇಲ್ಲ; ಅದನ್ನು ‘ಪರಿಶೀಲನೆಗೆ ಕಳುಹಿಸಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳುವವರು ಕಳ್ಳರೇ. ಎಕ್ಸ್‌ಚೇಂಜ್ ಎಂಬ ಮಾರಾಟತಾಣದಲ್ಲೇ ನಾಣ್ಯ ಬಿಟ್ಟವರ ಕೀಲಿ ಸಾಮಾನ್ಯವಾಗಿ ಆ ಕಂಪನಿಯ ಕೈಯಲ್ಲಿರುತ್ತದೆ.

ಡಾಲರಿನಂಥ ಕರೆನ್ಸಿಗೆ ಬೆಲೆಯನ್ನು ಕಟ್ಟಿಹಾಕಲು ಹೊರಟದ್ದು ಸ್ಟೇಬಲ್‌ಕಾಯಿನ್. ಹೆಸರಿನ ಭರವಸೆ ಸದಾ ನಿಲ್ಲುವುದಿಲ್ಲ. ಟೆರಾಯುಎಸ್‌ಡಿ ಎಂಬ ಸ್ಟೇಬಲ್‌ಕಾಯಿನ್ 2022ರ ಮೇನಲ್ಲಿ ಕುಸಿದುಬಿತ್ತು. ನಮ್ಮ ಇ-ರೂಪಾಯಿಯ ಜಾತಿಯೇ ಬೇರೆ: ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್.

ನಮ್ಮ ಕಾನೂನಿನಲ್ಲಿ ಕ್ರಿಪ್ಟೊಗಿರುವ ಹೆಸರು ವರ್ಚುವಲ್ ಡಿಜಿಟಲ್ ಆಸ್ತಿ. 2022ರ ಏಪ್ರಿಲ್ 1ರಿಂದ ಅದರ ಲಾಭಕ್ಕೆ ಶೇ. 30 ತೆರಿಗೆಯಿದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಚಳ್ಳಕೆರೆಯ ವರ್ತಕರೊಬ್ಬರು ಒಂದು ನಾಣ್ಯದಲ್ಲಿ 50,000 ರೂಪಾಯಿ ಗಳಿಸಿ, ಮತ್ತೊಂದರಲ್ಲಿ ಅಷ್ಟನ್ನೇ ಕಳೆದುಕೊಂಡರು ಎಂದುಕೊಳ್ಳೋಣ. ಗಳಿಕೆಯಾಗಿ ಬಿಡಿಗಾಸೂ ಉಳಿಯದಿದ್ದರೂ ಅವರು 15,000 ರೂಪಾಯಿ ತೆರಿಗೆ ಕಟ್ಟಬೇಕು, ಸೆಸ್ ಬೇರೆ.